ಉಣ್ಣೆ ಅಂತ ಪ್ಲಾಸ್ಟಿಕ್ ಕೊಟ್ಟರು: ಮಕ್ಕಳಿಗೆ ಸ್ವೆಟರ್ ಹೆಣೆಯೋರು ದಯವಿಟ್ಟು ಓದಿ

ಆನ್‌ಲೈನ್‌ನಲ್ಲಿ 'ಪ್ಯೂರ್ ಮೆರಿನೋ', ಅಂದ್ರೆ ಮೆರಿನೋ ಕುರಿಯ ಅಪ್ಪಟ ಉಣ್ಣೆ, ಅಂತ ಉಲ್ಲನ್ ತರಿಸೋ ಮುಂಚೆ ಇದನ್ನ ಓದಿ. ಮೂವತ್ತು ವರ್ಷದಿಂದ ಕಡ್ಡಿ ಹಿಡಿದಿರೋ ನಾನೇ ಮೋಸ ಹೋದೆ. ಹೇಳ್ಕೊಳ್ಳೋಕೆ ನಾಚಿಕೆ ಆಗುತ್ತೆ, ಆದ್ರೂ ಹೇಳ್ತೀನಿ.

ಮಗಳ ಮನೆ ಕೊಪ್ಪದ ಹತ್ತಿರ. ಡಿಸೆಂಬರ್‌ನಲ್ಲಿ ಮೊಮ್ಮಗನಿಗೆ ಎರಡು ವರ್ಷ ತುಂಬೋದಿತ್ತು, ಅಲ್ಲಿಯ ಚಳಿ ಗೊತ್ತಲ್ಲ. ಬಣ್ಣಬಣ್ಣದ ಪಟ್ಟೆ ಸ್ವೆಟರ್ ಹೆಣೆಯೋಣ ಅಂತ ಇನ್‌ಸ್ಟಾಗ್ರಾಂನಲ್ಲಿ ಒಬ್ಬಳ ಹತ್ರ ಆರು ಬಣ್ಣ ತರಿಸಿದೆ. 50 ಗ್ರಾಂ ಉಂಡೆಗೆ 340 ರೂಪಾಯಿ, ಒಟ್ಟು 2,040. ದುಡ್ಡು ಹಾಕೋ ಮುಂಚೆನೇ ಕೇಳಿದ್ದೆ, "ನಿಜವಾದ ಉಣ್ಣೆ ತಾನೇನಮ್ಮ? ಚಿಕ್ಕ ಮಗುಗೆ." "ನೂರಕ್ಕೆ ನೂರು ಅಮ್ಮಾ, ನನ್ನ ಮಗಳಿಗೂ ಇದೇ ಹಾಕೋದು" ಅಂದ್ಲು. ಬಂದ ಉಂಡೆಗಳ ಮೇಲೆ ಲೇಬಲ್ಲೇ ಇಲ್ಲ. ಕೇಳಿದ್ರೆ "ದೊಡ್ಡ ಲಡಿಯಿಂದ ಸುತ್ತಿ ಕೊಡ್ತೀವಿ ಅಮ್ಮಾ" ಅಂದ್ಲು. ನಂಬಿದೆ. ಅಲ್ಲೇ ವಾಪಸ್ ಕಳಿಸಬೇಕಿತ್ತು!

10ನೇ ನಂಬರ್ ಕಡ್ಡೀಲಿ, ನಾಲ್ಕು ಸಾಲಿಗೊಂದು ಬಣ್ಣ, ಹದಿನೆಂಟು ದಿನ ಹೆಣೆದೆ. ಒಳಗಿನ ಎಳೆ ತುದಿಗಳನ್ನ ಸೂಜೀಲಿ ಸೇರಿಸೋಕೇ ಎರಡು ರಾತ್ರಿ ಹಿಡೀತು. ಹಾಕಿದ ತಕ್ಷಣ ಮಗು ಪಟ್ಟೆ ಪಟ್ಟೆ ಮೇಲೂ ಬೆರಳಿಟ್ಟು "ಕೆಂಪು, ಹಳದಿ" ಅಂತ ಹೇಳ್ತಾ ಕೂತ.

ಮರುದಿನ ಬೆಳಗ್ಗೆ ಬಚ್ಚಲ ಒಲೆ ಮುಂದೆ ಅವನನ್ನ ತೊಡೆ ಮೇಲೆ ಕೂರಿಸ್ಕೊಂಡು ಚಳಿ ಕಾಯಿಸ್ತಿದ್ದೆ. ಸೌದೆ ಚಟ್ ಅಂತು, ಒಂದು ಕಿಡಿ ತೋಳಿನ ಹಳದಿ ಪಟ್ಟೆ ಮೇಲೆ ಬಿತ್ತು. ಉಣ್ಣೆ ಆಗಿದ್ರೆ ಅಷ್ಟು ಜಾಗ ಕರಕಲಾಗಿ ಆರಿಹೋಗ್ತಿತ್ತು. ಇದು ಕರಗ್ತು. ನನ್ನ ಕಣ್ಣೆದುರೇ ಕರಗ್ತು, ತೂತು ದೊಡ್ಡದಾಗ್ತಾ ಹೋಯ್ತು. ಅಂಗೈಲೇ ಒತ್ತಿ ಆರಿಸಿದೆ, ಬೊಬ್ಬೆ ಬಂತು. ಮಗುಗೆ ಏನೂ ಆಗ್ಲಿಲ್ಲ, ದೇವರು ದೊಡ್ಡವನು. ತೂತಿನ ಸುತ್ತ ಕಪ್ಪು ಮಣಿ ಥರ ಗಟ್ಟಿ ಗಂಟು, ಪ್ಲಾಸ್ಟಿಕ್ ಸುಟ್ಟ ವಾಸನೆ. ಮಿಕ್ಕ ನೂಲನ್ನೂ ಸುಟ್ಟು ನೋಡಿದೆ, ಆರಕ್ಕೆ ಆರೂ ಹಾಗೇ. ಬರೀ ಅಕ್ರಿಲಿಕ್, ಅಂದ್ರೆ ಪ್ಲಾಸ್ಟಿಕ್ ನೂಲು!

ಫೋಟೋ ಕಳಿಸಿದೆ. ಅಷ್ಟು ದಿನ 'ಅಮ್ಮಾ' ಅಂತಿದ್ದವಳು 'ಮೇಡಂ' ಆದ್ಲು. "ಅನ್‌ಬಾಕ್ಸಿಂಗ್ ವಿಡಿಯೋ ಇದೆಯಾ ಮೇಡಂ? ಇಲ್ದಿದ್ರೆ ರಿಟರ್ನ್ ಇಲ್ಲ." ಅಂದ್ರೆ ಪಾರ್ಸೆಲ್ ಬಿಚ್ಚೋವಾಗ ತೆಗೆದ ವಿಡಿಯೋ. ನೂಲು ಹೆಣೆದಾಗಿದೆ ಕಣಮ್ಮಾ, ವಿಡಿಯೋ ಎಲ್ಲಿಂದ ತರ್ಲಿ ಅಂದೆ. ಅದಕ್ಕೆ ಬಂದ ಉತ್ತರ: "ಮಗುನ ಬೆಂಕಿ ಹತ್ರ ಕೂರಿಸಿದ್ದು ನಿಮ್ಮ ತಪ್ಪು." ಇದನ್ನ ಓದಿದಾಗ ಕೈ ನಡುಗ್ತು. ನನ್ನ ತಪ್ಪಂತೆ! ಆಮೇಲೆ ಬ್ಲಾಕ್.

ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೀನಿ, ದುಡ್ಡಿನ ಆಸೆಗಲ್ಲ. ನೀವು ಮಾತ್ರ ಕಡ್ಡಿ ಹಿಡಿಯೋ ಮುಂಚೆ ಒಂದು ಎಳೆ ಸುಟ್ಟು ನೋಡಿ, ಸಿಂಕ್ ಹತ್ರ ನಿಂತು. ಉಣ್ಣೆ ಆದ್ರೆ ಕೂದಲು ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿಯಾಗುತ್ತೆ. ಲೇಬಲ್ ಇಲ್ಲದ ಉಂಡೆ ಯಾರು ಕೊಟ್ರೂ ಬೇಡ, ಎಷ್ಟೇ ಪ್ರೀತಿಯಿಂದ 'ಅಮ್ಮಾ' ಅಂದ್ರೂ ಬೇಡ.

ನಿನ್ನೆ ಮಗಳ ಫೋನಲ್ಲಿ ನೋಡಿದೆ. ಅದೇ ಹಳದಿ ಉಂಡೆ ಫೋಟೋ, ಕೆಳಗೆ 'ಪುಟಾಣಿಗಳಿಗೆ ಪ್ಯೂರ್ ಮೆರಿನೋ, ಹೊಸ ಸ್ಟಾಕ್' ಅಂತ ಹಾಕಿದ್ದಾಳೆ.