ಅಂಗಳದ ಹಾವಸೆಗೆ ಯಾವುದು ಒಳ್ಳೆಯದು? ಒಂದು ಮಳೆಗಾಲ ನೋಡಿದ ಮೇಲೆ

ಹಿಂದಿನ ವರ್ಷದ ಆಟಿಯಲ್ಲಿ (ಜುಲೈ-ಆಗಸ್ಟಿನ ತುಳು ತಿಂಗಳು) ಅಮ್ಮ ಬಾವಿಗೆ ಹೋಗುವ ಮೆಟ್ಟಿಲಲ್ಲಿ ಜಾರಿ ಬಿದ್ದು ಬಲಗೈಯ ಮಣಿಗಂಟು ಮುರಿದುಕೊಂಡರು. ಆರು ವಾರ ಪ್ಲಾಸ್ಟರು. ಅಲ್ಲಿಯವರೆಗೆ ನಮಗೆ ಅಂಗಳದ ಹಾವಸೆ (ಪಾಚಿ) ಎಂದರೆ ದೀಪಾವಳಿಗೆ ಮೊದಲು ಹೇಗೋ ತಿಕ್ಕಿ ಮುಗಿಸುವ ಕೆಲಸ. ಆಮೇಲೆ ಹಾಗೆ ಬಿಡಲು ಮನಸ್ಸು ಒಪ್ಪಲಿಲ್ಲ. ನವರಾತ್ರಿ ಕಳೆದು ಮಳೆ ಹೊಳವಾದ ಕೂಡಲೇ, ಪುತ್ತೂರು ಕಡೆ ಜನ ಮಾಡುವ ನಾಲ್ಕು ಉಪಾಯಗಳನ್ನೂ ನಮ್ಮಲ್ಲೇ ಮಾಡಿ, ಈ ಸಲದ ಮಳೆಗಾಲ ಪೂರ್ತಿ ಕಾದು ನೋಡಿದೆ.

ನಮ್ಮಲ್ಲಿ ನೆಲ ಮೂರು ಬಗೆಯದ್ದು. ಎದುರಿನ ಅಂಗಳ ಸಿಮೆಂಟಿನದ್ದು, ಅಡಿಕೆ ಒಣಗುವುದು ಅಲ್ಲೇ. ಕಾರು ನಿಲ್ಲಿಸುವಲ್ಲಿ ಇಂಟರ್‌ಲಾಕ್. ಬಾವಿಯ ಮೆಟ್ಟಿಲು ಮುರಕಲ್ಲಿನವು, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲಿನವು.

ಮೊದಲು ನೀರಿನ ಮೆಷಿನ್. ಭಾವನ ಮನೆಯಿಂದ ಕಾರು ತೊಳೆಯುವ ಪ್ರೆಷರ್ ವಾಷರ್ ತಂದೆ. ಕಣ್ಣಿಗೆ ಇದರಷ್ಟು ಸಮಾಧಾನ ಕೊಡುವುದು ಬೇರೆ ಇಲ್ಲ. ನೀರು ಹೋದಲ್ಲೆಲ್ಲ ಗೆರೆ ಎಳೆದ ಹಾಗೆ ಬೆಳ್ಳಗಿನ ಸಿಮೆಂಟು ಏಳುತ್ತದೆ. ಆದರೆ ಇಂಟರ್‌ಲಾಕ್‌ನ ಸಂದಿನಲ್ಲಿದ್ದ ಹೊಯಿಗೆ (ಮರಳು) ಪೂರ್ತಿ ಹಾರಿಹೋಯಿತು. ಪುನಃ ಸಣ್ಣ ಹೊಯಿಗೆ ತಂದು ಗುಡಿಸಿ ತುಂಬಿಸದಿದ್ದರೆ ಕಲ್ಲುಗಳು ಅಲುಗಾಡಲು ಶುರು, ಸಂದಿನಲ್ಲಿ ಹುಲ್ಲೂ ಶುರು. ಮುರಕಲ್ಲಿಗೆ ಹಿಡಿದದ್ದು ನನ್ನ ದೊಡ್ಡ ತಪ್ಪು. ಕಲ್ಲಿನ ಮೆತ್ತಗಿನ ಮಣ್ಣು ಕೆಂಪು ನೀರಾಗಿ ಹರಿದು, ಮೆಟ್ಟಿಲ ಅಂಚಿನಲ್ಲಿ ಹೆಬ್ಬೆರಳು ಹೋಗುವಷ್ಟು ಗುಳಿ ಬಿತ್ತು. ಸಿಮೆಂಟಿನ ಮೇಲೂ ತೀರಾ ಹತ್ತಿರ ಹಿಡಿದ ಕಡೆ ಮೇಲಿನ ನಯ ಕಿತ್ತುಹೋಗಿ ನೆಲ ಒರಟಾಯಿತು. ಈ ಮಳೆಗಾಲದಲ್ಲಿ ಎಲ್ಲಕ್ಕಿಂತ ಮೊದಲು ಹಸುರಾದದ್ದು ಆ ಒರಟು ಜಾಗವೇ, ಜೂನ್ ಮುಗಿಯುವುದರೊಳಗೆ.

ಬ್ಲೀಚಿಂಗ್ ಪೌಡರ್ ಹಾಗಲ್ಲ, ನಿಧಾನ. ಸಂಜೆ ಬಿಸಿಲು ಇಳಿದ ಮೇಲೆ ನೆಲ ಒದ್ದೆ ಮಾಡಿ, 10 ಲೀಟರ್ ಬಕೆಟಿಗೆ 200 ಗ್ರಾಮಿನ ಲೆಕ್ಕದಲ್ಲಿ ಕಲಸಿ, ಅಡಿಯ ಗಸಿ ಬಿಟ್ಟು ಮೇಲಿನ ನೀರನ್ನು ಚೆಲ್ಲಿದೆ. ಸುಡುಬಿಸಿಲಿನಲ್ಲಿ ಹಾಕಿದರೆ ಅದರ ಶಕ್ತಿ ಬೇಗ ಹೋಗುತ್ತದೆ. ಅರ್ಧ ಗಂಟೆಯಲ್ಲಿ ಕಡು ಹಸುರು ಹಳದಿಗೆ ತಿರುಗಿತು. ಆಮೇಲೆ ಹಿಡಿಸೂಡಿಯಲ್ಲಿ (ಕಡ್ಡಿ ಪೊರಕೆಯಲ್ಲಿ) ತಿಕ್ಕಿದಾಗ ಹಾವಸೆ ಅಂಟು ಬಿಟ್ಟು ಲೋಳೆಯಾಗಿ ಎದ್ದು ಬಂತು. ಪೌಡರ್ ಮಾತ್ರ ಹೊಸದಿರಬೇಕು. ಬಾಯಿ ಬಿಚ್ಚಿಟ್ಟ ಹಳೆಯ ಕಟ್ಟಿನಲ್ಲಿ ವಾಸನೆ ಇದ್ದರೂ ಕಸುವು ಇರುವುದಿಲ್ಲ. ನನ್ನ ಮೊದಲ ಬಕೆಟು ಹಾಗೇ ದಂಡವಾಯಿತು. ತೊಳೆದ ನೀರು ತುಳಸಿಕಟ್ಟೆಗೂ ಬಾವಿ ಕಡೆಗೂ ಹೋಗದ ಹಾಗೆ ಗೋಣಿಚೀಲದ ತಡೆ ಇಟ್ಟಿದ್ದೆ. ಚೆನ್ನಾಗಿ ತೊಳೆದು, ಎರಡು ವಾರ ಬಿಸಿಲಿಗೆ ಬಿಟ್ಟು, ಆಮೇಲೆಯೇ ಅಡಿಕೆ ಹಾಕಿದೆವು. ಚಾಲಿ, ಅಂದರೆ ಒಣ ಅಡಿಕೆ, ಆಗಲು 40-45 ದಿನ ಅದೇ ನೆಲದಲ್ಲಿ ಬಿದ್ದಿರುವ ಬೆಳೆ ಅದು. ಬಣ್ಣದಲ್ಲಾಗಲಿ ವಾಸನೆಯಲ್ಲಾಗಲಿ ಏನೂ ವ್ಯತ್ಯಾಸ ಕಾಣಲಿಲ್ಲ. ಈ ಭಾಗದಲ್ಲಿ ಆಟಿಯ ನಡುವಿನವರೆಗೂ ಕಾಲು ಗಟ್ಟಿಯಾಗಿ ಊರುತ್ತಿತ್ತು.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಬೇಗ ಆಗುತ್ತದೆ ಎಂದು ಬ್ಲೀಚಿಂಗ್ ಹಾಕಿದ ಜಾಗಕ್ಕೇ ಟಾಯ್ಲೆಟ್ ತೊಳೆಯುವ ಆ್ಯಸಿಡ್ ಸುರಿಯುವವರಿದ್ದಾರೆ. ಅವೆರಡು ಸೇರಿದರೆ ಏಳುವುದು ಕ್ಲೋರಿನ್ ಅನಿಲ, ಶ್ವಾಸಕೋಶವನ್ನೇ ಸುಡುತ್ತದೆ. ದಯವಿಟ್ಟು ಮಾಡಬೇಡಿ. ಬರೇ ಆ್ಯಸಿಡ್ ಕೂಡ ಬೇಡ. ಅದು ಸಿಮೆಂಟನ್ನು ತಿಂದು ಜಲ್ಲಿ ಕಾಣುವ ಹಾಗೆ ಮಾಡುತ್ತದೆ. ಶಹಾಬಾದ್ ಕಲ್ಲು ಹಾಸಿದವರಂತೂ ಮುಟ್ಟಲೇಬಾರದು. ಅದು ಸುಣ್ಣದ ಕಲ್ಲು, ನೊರೆ ಬಂದು ಹೊಳಪು ಹೋಗಿಬಿಡುತ್ತದೆ.

ಬೋರ್ಡೋ ನಮ್ಮ ತೋಟದವರ ಮದ್ದು. ಅಡಿಕೆಯ ಕೊಳೆರೋಗಕ್ಕೆಂದು 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಹಾಕಿ ಮಾಡಿದ್ದರಲ್ಲಿ ಉಳಿದದ್ದನ್ನು ಕಂಪೌಂಡ್ ಗೋಡೆಗೆ ಹೊಡೆದೆ. ಬಾಳಿಕೆಯಲ್ಲಿ ಇದನ್ನು ಮೀರಿಸುವುದು ಬೇರೆ ಇಲ್ಲ, ಗೋಡೆ ಇನ್ನೂ ಹಸುರಾಗಿಲ್ಲ. ಆದರೆ ನೀಲಿ ಕಲೆ ಹೋಗುವುದಿಲ್ಲ. ತಾಮ್ರ ಮಣ್ಣಿನಲ್ಲಿ ಉಳಿದುಬಿಡುತ್ತದೆ, ಮೀನಿಗೂ ವಿಷ. ಅಡಿಕೆ ಒಣಗಿಸುವಲ್ಲಿ, ಬಾವಿಯ ಹತ್ತಿರ ಬೇಡವೇ ಬೇಡ.

ಮುರಕಲ್ಲಿನ ಮೆಟ್ಟಿಲಿಗೆ ಕೊನೆಗೆ ಉಳಿದದ್ದು ಹೊಯಿಗೆ ಚೆಲ್ಲಿ ಗಟ್ಟಿ ಹಿಡಿಸೂಡಿಯಲ್ಲಿ ತಿಕ್ಕುವುದು. ಸೊಂಟ ನೋಯುತ್ತದೆ, ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಮಾಡಲೇಬೇಕು. ಕಲ್ಲಿಗೆ ಮಾತ್ರ ಏನೂ ಆಗುವುದಿಲ್ಲ.

ಅಡುಗೆಮನೆ ಪಕ್ಕದ ಒಂದು ಮೂಲೆಯಲ್ಲಿ ಬ್ಲೀಚಿಂಗೂ ಸೋತಿತು. ಮಾಡಿನ (ಸೂರಿನ) ನೀರು ಬೀಳುವುದು ಅಲ್ಲೇ, ಬಿಸಿಲು ಬೀಳುವುದಿಲ್ಲ. ಜುಲೈಯಲ್ಲಿ ಮಾಡಿನ ಅಂಚಿಗೆ ನೀರು ಹರಿದುಹೋಗುವ ಪಿವಿಸಿ ದಂಬೆ ಕಟ್ಟಿಸಿ, ಮೇಲೆ ಬಾಗಿದ್ದ ಹಲಸಿನ ಗೆಲ್ಲು ಕಡಿಸಿದ ಮೇಲೆಯೇ ಅಲ್ಲಿ ನೆಲದ ಬಣ್ಣ ಕಂಡದ್ದು.

ಅಮ್ಮನಿಗೆ ಇದೆಲ್ಲ ತೋರಿಸಿದೆ. ದಂಬೆ ಒಳ್ಳೆಯದಾಯಿತು ಅಂದರು. ಆದರೂ ಬರುವ ಪತ್ತನಾಜೆ (ಮೇ ಕೊನೆಗೆ, ಮಳೆಗಾಲದ ಹೊಸ್ತಿಲಲ್ಲಿ ಬರುವ ತುಳುನಾಡಿನ ದಿನ) ಕಳೆದ ಕೂಡಲೇ ಬಾವಿಯ ದಾರಿಗೆ ಮೊದಲಿನ ಹಾಗೆ ತೆಂಗಿನ ಮಡಲು ಹಾಸಲೇಬೇಕಂತೆ. ಹಾಸುತ್ತೇನೆ.