ಬಾಗಿಲಿಗೇ ಬಂದ ಪರಿಹಾರದ ದುಡ್ಡು: ಪೋಸ್ಟ್‌ಮನ್ ಕೊಡುವ ಆಧಾರ್ ಸೇವೆ ಹೇಗಿದೆ?

ನಾನು ಇಳಕಲ್ಲಿನ ನೇಕಾರರ ಓಣಿಯವಳು. ನಮ್ಮನೆಯವರು ಮಗ್ಗದ ಮೇಲೆ ಸೀರೆ ನೇಯುತ್ತಾರೆ. ನಾನು ಮತ್ತು ನಮ್ಮತ್ತೆ ಕಂಡಿಕೆಗೆ, ಅಂದರೆ ನೇಯಲು ಬೇಕಾದ ಪುಟ್ಟ ಕೊಳವೆಗೆ, ನೂಲು ಸುತ್ತುತ್ತೇವೆ. ನಾನು ಬರೆಯುತ್ತಿರುವುದು ಪೋಸ್ಟ್‌ಮನ್ ಮನೆಗೆ ಬಂದು, ಬೆರಳು ಒತ್ತಿಸಿಕೊಂಡು, ನಮ್ಮ ಬ್ಯಾಂಕ್ ಖಾತೆಯ ದುಡ್ಡು ಕೈಗೆ ಕೊಡುವ ಸೇವೆ ಬಗ್ಗೆ. ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಮೂಲಕ ಇದು ನಡೆಯುತ್ತದೆ. ಆದರೆ ಖಾತೆ ಅಲ್ಲೇ ಇರಬೇಕು ಅಂತೇನಿಲ್ಲ. ಯಾವ ಬ್ಯಾಂಕಿನದಾದರೂ ಆಯಿತು, ಅದಕ್ಕೆ ಆಧಾರ್ ಜೋಡಣೆ ಆಗಿದ್ದರೆ ಸಾಕು. ಕೊರೊನಾ ಕಾಲದಲ್ಲಿ ಬಳಸಲು ಶುರು ಮಾಡಿದೆವು, ಈಗಲೂ ಬಿಟ್ಟಿಲ್ಲ. ವಯಸ್ಸಾದವರಿರುವ ಮನೆಗೆ ಇದಕ್ಕಿಂತ ಉಪಯೋಗದ ಸೇವೆ ನಾನು ಕಂಡಿಲ್ಲ.

2020ರ ಮಾರ್ಚ್ 25ರಿಂದ ಲಾಕ್‌ಡೌನ್ ಆಯಿತಲ್ಲ, ನಮ್ಮ ಓಣಿಯಲ್ಲಿ ಮಗ್ಗದ ಸದ್ದು ನಿಂತಿತು. ಹೊಸ ನೂಲು ಬರಲಿಲ್ಲ. ನೇಯ್ದ ಸೀರೆಗಳು ಸಾವ್ಕಾರರ ಮನೆಯಲ್ಲೇ ಉಳಿದವು. ಸೀರೆ ಹೋಗದಿದ್ದರೆ ಕೂಲಿ ಎಲ್ಲಿಂದ ಬರಬೇಕು? ಮರುದಿನವೇ ಕೇಂದ್ರ ಸರ್ಕಾರ ಗರೀಬ್ ಕಲ್ಯಾಣ್ ಪ್ಯಾಕೇಜ್ ಹೇಳಿತು. ಪಡಿತರ ಚೀಟಿ ಇದ್ದವರಿಗೆ ತಲೆಗೆ 5 ಕೆಜಿ ಧಾನ್ಯ ಪುಕ್ಕಟೆ, ಉಜ್ವಲಾ ಗ್ಯಾಸ್ ಯೋಜನೆಯವರಿಗೆ ಮೂರು ಸಿಲಿಂಡರ್, ಜನ್‌ಧನ್ ಖಾತೆ ಇರುವ ಹೆಂಗಸರಿಗೆ ಮೂರು ತಿಂಗಳು ತಿಂಗಳಿಗೆ 500 ರೂಪಾಯಿ. ಅಕ್ಕಿ ಬಂತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಣ್ಣೆಗೆ, ಖಾರಕ್ಕೆ, ಅತ್ತೆಯ ಬಿಪಿ ಗುಳಿಗೆಗೆ ರೊಕ್ಕವೇ ಬೇಕಲ್ವಾ? ಅತ್ತೆಯ ಜನ್‌ಧನ್ ಖಾತೆಗೆ ಬಿದ್ದ 500 ನಮಗೆ ಸಣ್ಣ ದುಡ್ಡಾಗಿರಲಿಲ್ಲ.

ಅದನ್ನು ಕೈಗೆ ತರುವುದೇ ಕಷ್ಟವಾಯಿತು. ಗದ್ದಲ ಆಗಬಾರದು ಅಂತ ಆ ಏಪ್ರಿಲ್‌ನಲ್ಲಿ ಖಾತೆ ನಂಬರಿನ ಕೊನೆಯ ಅಂಕಿ ನೋಡಿ ದಿನ ಹಂಚಿದ್ದರು. 0 ಮತ್ತು 1 ಇದ್ದವರಿಗೆ 3ನೇ ತಾರೀಖು, 2 ಮತ್ತು 3 ಇದ್ದವರಿಗೆ 4ನೇ ತಾರೀಖು, ಹೀಗೆ 9ರವರೆಗೆ. ಲೆಕ್ಕ ಸರಿಯಾಗೇ ಇತ್ತು. ಆದರೆ ತೆಗೆಯದಿದ್ದರೆ ಸರ್ಕಾರ ವಾಪಸ್ ತಗೊಳ್ಳುತ್ತದೆ ಅಂತ ಸುದ್ದಿ ಹಬ್ಬಿತು. ಅದು ಸುಳ್ಳು, ದುಡ್ಡು ಖಾತೆಯಲ್ಲೇ ಇರುತ್ತದೆ ಅಂತ ಆಮೇಲೆ ಹೇಳಿದರು. ಅಷ್ಟರಲ್ಲಿ ಜನ ಬಿಸಿಲಲ್ಲಿ ಸಾಲು ಹಚ್ಚಿ ಆಗಿತ್ತು. ಎಪ್ಪತ್ತು ದಾಟಿದ ಅತ್ತೆಯನ್ನು ಆ ಸಾಲಿಗೆ ಕರೆದುಕೊಂಡು ಹೋಗಲು ನನಗೆ ಧೈರ್ಯ ಬರಲಿಲ್ಲ. ಒಂದು ಆನ್‌ಲೈನ್ ಅಂಗಡಿಯಲ್ಲಿ ಬೆರಳು ಒತ್ತಿಸಿ ದುಡ್ಡು ಕೊಡುತ್ತಿದ್ದರು. ಆದರೆ 500ಕ್ಕೆ 20 ರೂಪಾಯಿ ಹಿಡಿದುಕೊಳ್ಳುತ್ತಿದ್ದರು. ಪರಿಹಾರದ ದುಡ್ಡಿನಲ್ಲಿ ಹಿಡಿದುಕೊಳ್ಳುವುದು ನನ್ನ ಮನಸ್ಸಿಗೆ ಸರಿ ಬರಲೇ ಇಲ್ಲ.

ಆಗ ಓಣಿಗೆ ಪೋಸ್ಟ್‌ಮನ್ ಬಂದರು. ಮುಖಕ್ಕೆ ಮಾಸ್ಕ್, ಕೈಯಲ್ಲಿ ಮೊಬೈಲು, ಅದಕ್ಕೆ ಜೋಡಿಸಿದ ಪುಟ್ಟ ಬೆರಳು ಓದುವ ಯಂತ್ರ. ಒಬ್ಬರ ಬೆರಳು ಆದಮೇಲೆ ಯಂತ್ರವನ್ನು ಸ್ಯಾನಿಟೈಸರ್‌ನಿಂದ ಒರೆಸಿ ಇನ್ನೊಬ್ಬರಿಗೆ ಹಿಡಿಯುತ್ತಿದ್ದರು. ಆಧಾರ್ ನಂಬರ್ ಕೇಳಿದರು, ಬ್ಯಾಂಕಿನ ಹೆಸರು ಕೇಳಿದರು. ಪಾಸ್‌ಬುಕ್ಕೂ ಬೇಡ, ಎಟಿಎಂ ಕಾರ್ಡೂ ಬೇಡ, ಚೀಟಿ ಬರೆಯುವುದೂ ಇಲ್ಲ. ಅತ್ತೆಯ ಹೆಬ್ಬೆರಳನ್ನು ಯಂತ್ರ ಓದಲಿಲ್ಲ. ವರ್ಷಗಟ್ಟಲೆ ನೂಲು ಹಿಡಿದ ಬೆರಳು ಅದು, ಗೆರೆ ಸವೆದಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. 'ಯವ್ವಾ, ಕೈ ತೊಳದು ಒರಸ್ಕೊಂಡ್ ಬರ್ರಿ, ಇನ್ನೊಂದ್ ಬೆರಳು ನೋಡೂಣು' ಅಂದರು. ಉಂಗುರ ಬೆರಳು ಹತ್ತಿತು. ಪೂರ್ತಿ 500 ಎಣಿಸಿ ಕೊಟ್ಟರು, ಒಂದು ರೂಪಾಯಿಯೂ ಕಡಿತ ಇಲ್ಲ.

ಈ ಬೆರಳಿನ ವಿಷಯ ನೇಕಾರರ ಮನೆಯವರು ಗಮನಿಸಬೇಕು. ಹೆಬ್ಬೆರಳೇ ಆಗಬೇಕೆಂದಿಲ್ಲ, ಹತ್ತು ಬೆರಳಲ್ಲಿ ಯಾವುದಾದರೂ ನಡೆಯುತ್ತದೆ. ಯಾವುದೂ ಹತ್ತದಿದ್ದರೆ ಆಧಾರ್ ಕೇಂದ್ರದಲ್ಲಿ ಬೆರಳಚ್ಚನ್ನು ಹೊಸದಾಗಿ ಕೊಡಿಸಬೇಕು. ಆ ಕೆಲಸ ಮೊದಲೇ ಮಾಡಿಸಿಟ್ಟುಕೊಳ್ಳಿ.

ನನಗೆ ಜಾಸ್ತಿ ಹಿಡಿಸಿದ್ದು ಬೇರೆಯೇ ಇದೆ. ಖಾತೆಯಲ್ಲಿ ಎಷ್ಟಿದೆ ಅಂತ ಇದೇ ಯಂತ್ರದಲ್ಲಿ ನೋಡಬಹುದು. ಆ ಕಾಲದಲ್ಲಿ ಅದೇ ದೊಡ್ಡ ಸಮಾಧಾನ. ಯಾರಿಗೆ ಏನು ಬರಬೇಕು, ಬಂದಿದೆಯೋ ಇಲ್ಲವೋ, ಓಣಿಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಪಕ್ಕದ ಮನೆಯ ಅಜ್ಜಿಗೆ ಪೆನ್ಶನ್ ಜೊತೆ ಕೇಂದ್ರದ 1000 ರೂಪಾಯಿ ಎರಡು ಕಂತಿನಲ್ಲಿ ಬಂತು, ನಮ್ಮತ್ತೆಗೆ ಬರಲಿಲ್ಲ. ಅತ್ತೆ ತುಂಬಾ ನೊಂದುಕೊಂಡರು. ಕೇಳಿ ನೋಡಿದಾಗ ವಿಷಯ ತಿಳಿಯಿತು. ಆ 1000 ಕೇಂದ್ರದ ಪಿಂಚಣಿ ಪಟ್ಟಿಯಲ್ಲಿ ಇದ್ದ ವೃದ್ಧರು, ವಿಧವೆಯರು, ಅಂಗವಿಕಲರಿಗೆ ಮಾತ್ರ. ನಮ್ಮತ್ತೆಯದು ಸಂಧ್ಯಾ ಸುರಕ್ಷಾ, ಅಂದರೆ ರಾಜ್ಯ ಸರ್ಕಾರದ ವೃದ್ಧರ ಪಿಂಚಣಿ. ಎರಡೂ ಮನೆಯಲ್ಲಿ ಅದನ್ನು ಪಗಾರ ಅಂತಲೇ ಕರೆಯುತ್ತೇವೆ, ಯಾವ ಪಟ್ಟಿಯದು ಅಂತ ನಮಗೆ ಹೇಗೆ ಗೊತ್ತಾಗಬೇಕು? ಒಂದೇ ವಯಸ್ಸು, ಒಂದೇ ಬಡತನ, ಒಂದೇ ಓಣಿ. ಹೀಗೆ ಬೇರೆ ಮಾಡಿದ್ದು ಸರಿಯಲ್ಲ ಅಂತ ನಾನು ಇವತ್ತಿಗೂ ಹೇಳುತ್ತೇನೆ.

2020ರ ಮೇ 6ಕ್ಕೆ ಯಡಿಯೂರಪ್ಪನವರು 1610 ಕೋಟಿಯ ಪ್ಯಾಕೇಜ್ ಹೇಳಿದರು. ಕ್ಷೌರಿಕರಿಗೆ, ಅಗಸರಿಗೆ, ಆಟೋದವರಿಗೆ 5000. ಕೈಮಗ್ಗದವರಿಗೆ ನೇಕಾರ ಸಮ್ಮಾನ್ ಅಂತ ವರ್ಷಕ್ಕೆ 2000. ಕ್ಷೌರಿಕರಿಗೆ 5000 ಕೊಟ್ಟಾಗ ನೇಕಾರರಿಗೆ 2000 ಯಾಕೆ ಅಂತ ಓಣಿಯಲ್ಲಿ ಎಲ್ಲರೂ ಕೇಳಿದರು. ನಾನೂ ಕೇಳಿದೆ. ಆದರೂ ಒಂದು ವ್ಯತ್ಯಾಸ ಇತ್ತು. ಅವರದು ಒಂದೇ ಸಲದ್ದು, ನಮ್ಮದು ಪ್ರತಿ ವರ್ಷದ್ದು. 2022ರಲ್ಲಿ ಅದು 5000ಕ್ಕೆ ಏರಿತು.

ಈ 2000 ಬಂದಾಗ ನಮ್ಮ ಓಣಿಯಲ್ಲಿ ಪೋಸ್ಟ್‌ಮನ್ ಮಾಡಿದ ಸಹಾಯ ಮರೆಯುವಂಥದ್ದಲ್ಲ. ಅರ್ಜಿಯಲ್ಲಿ ಒಂದು ಬ್ಯಾಂಕಿನ ಪಾಸ್‌ಬುಕ್ ಕೊಟ್ಟವರು ಅದನ್ನೇ ಎಂಟ್ರಿ ಮಾಡಿಸಿ ನೋಡುತ್ತಿದ್ದರು, ದುಡ್ಡು ಬಂದಿಲ್ಲ ಅಂತ ಚಿಂತೆ ಮಾಡುತ್ತಿದ್ದರು. ಆಧಾರ್ ಮೂಲಕ ಹಾಕುವ ದುಡ್ಡು ಅರ್ಜಿಯಲ್ಲಿ ಬರೆದ ಖಾತೆಗೆ ಹೋಗುವುದಿಲ್ಲ. ಕೊನೆಯದಾಗಿ ಯಾವ ಬ್ಯಾಂಕಿನಲ್ಲಿ ಆಧಾರ್ ಮ್ಯಾಪಿಂಗ್, ಅಂದರೆ ಸರ್ಕಾರದ ದುಡ್ಡು ಪಡೆಯಲು ಆಧಾರ್ ಜೋಡಣೆ, ಆಗಿದೆಯೋ ಅಲ್ಲಿಗೆ ಹೋಗುತ್ತದೆ. ಸಂಘದ ಸಾಲಕ್ಕೋ ಗ್ಯಾಸಿಗೋ ತೆಗೆದು ಮರೆತ ಖಾತೆ ಅದಾಗಿರಬಹುದು. ಪೋಸ್ಟ್‌ಮನ್ ಒಂದೊಂದು ಬ್ಯಾಂಕಿನ ಹೆಸರು ಹಾಕಿ ಬೆರಳು ಒತ್ತಿಸಿ ನೋಡಿದರು. ನಮ್ಮನೆಯವರ 2000 ಹಾಗೇ ಹಳೆಯ ಒಂದು ಖಾತೆಯಲ್ಲಿ ಸಿಕ್ಕಿತು. ಎದುರು ಮನೆಯವರದೂ ಹಾಗೇ ಸಿಕ್ಕಿತು. ಇದನ್ನು ಬ್ಯಾಂಕಿನ ಕೌಂಟರಿನಲ್ಲಿ ನಮಗೆ ಯಾರೂ ಹೇಳಿರಲಿಲ್ಲ.

ಕೊರತೆಗಳೂ ಇವೆ. ಒಂದು ಸಲಕ್ಕೆ 10,000ಕ್ಕಿಂತ ಜಾಸ್ತಿ ತೆಗೆಯಲು ಬರುವುದಿಲ್ಲ. ಪೋಸ್ಟ್‌ಮನ್ ಕೈಯಲ್ಲಿ ಅಂದು ಎಷ್ಟು ನಗದು ಇದೆ ಅನ್ನುವುದರ ಮೇಲೂ ನಿಂತಿದೆ. ಪಗಾರ ಬೀಳುವ ಹೊತ್ತಿಗೆ ಓಣಿಯ ಕೊನೆಯ ಮನೆಗೆ ಬರುವಷ್ಟರಲ್ಲಿ ರೊಕ್ಕ ಮುಗಿದಿರುತ್ತದೆ, ಹಾಗಾಗಿ ಹಿಂದಿನ ದಿನವೇ ಹೇಳಿಡುವುದು ಒಳ್ಳೆಯದು. ನೆಟ್‌ವರ್ಕ್ ಕೈಕೊಟ್ಟರೆ ಕಾಯಬೇಕು. ಕೆಲವೊಮ್ಮೆ ಖಾತೆಯಲ್ಲಿ ಕಡಿತವಾಗಿ ಯಂತ್ರ ಮಾತ್ರ 'ಆಗಲಿಲ್ಲ' ಅನ್ನುವುದುಂಟು. ಗಾಬರಿ ಆಗಬೇಡಿ. ಆಗ ಮತ್ತೆ ಬೆರಳು ಒತ್ತದೆ ಮೊದಲು ಬ್ಯಾಲೆನ್ಸ್ ನೋಡಿ. ಮೊಬೈಲ್ ನಂಬರ್ ಬದಲಾಗಿದ್ದರೆ ಮೆಸೇಜ್ ಬರುವುದಿಲ್ಲ, ಅದನ್ನೂ ಸರಿ ಮಾಡಿಸಿಕೊಳ್ಳಿ.

2021ರ ಆಗಸ್ಟ್ 1ರಿಂದ ಪೇಮೆಂಟ್ಸ್ ಬ್ಯಾಂಕ್ ತನ್ನ ಖಾತೆದಾರರಿಗೆ ಮನೆಬಾಗಿಲ ಸೇವೆಗೆ 20 ರೂಪಾಯಿ ಮತ್ತು ಅದರ ಮೇಲೆ ಜಿಎಸ್‌ಟಿ ಹಾಕಿತು. ಬ್ಯಾಂಕಿಗೆ ಖರ್ಚಿರುತ್ತದೆ, ಒಪ್ಪುತ್ತೇನೆ. ಆದರೆ ಎರಡನೇ ಅಲೆ ಮುಗಿದು ಕೂಲಿ ಇನ್ನೂ ಸರಿಯಾಗದ ಹೊತ್ತು ಅದು. ಸಂಧ್ಯಾ ಸುರಕ್ಷಾ 1000ದಿಂದ 1200 ಆಗಿದ್ದೂ ಅದೇ ಹೊತ್ತಿಗೆ. ಪಿಂಚಣಿಯಿಂದಲೇ ಬದುಕುವ ಮುದುಕರಿಗಾದರೂ ಇದನ್ನು ಪೂರ್ತಿ ಬಿಡಬೇಕಿತ್ತು.

ನಾನು ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ದೊಡ್ಡ ಮೊತ್ತ ಬೇಕಾದವರು, ಎಟಿಎಂ ಹತ್ತಿರವಿದ್ದು ಬಳಸಲು ಬರುವವರು ಇದಕ್ಕಾಗಿ ಕಾಯಬೇಕಿಲ್ಲ. ನಡೆಯಲಾಗದವರು, ಸಹಿ ಬಾರದವರು, ಎಲ್ಲಿ ದುಡ್ಡು ಬಿದ್ದಿದೆ ಅಂತಲೇ ತಿಳಿಯದವರು ಮನೆಯಲ್ಲಿದ್ದರೆ ನಿಮ್ಮ ಓಣಿಯ ಪೋಸ್ಟ್‌ಮನ್ ನಂಬರ್ ಇಸಿದುಕೊಂಡು ಗೋಡೆ ಮೇಲೆ ದೊಡ್ಡದಾಗಿ ಬರೆದಿಡಿ. ಆಧಾರ್ ನಂಬರ್ ಮಾತ್ರ ಗೋಡೆ ಮೇಲೆ ಬರೆಯಬೇಡಿ.