ಮಾಲ್‌ಪ್ರಾಕ್ಟೀಸ್ ವಿಚಾರಣೆಗೆ ಹೊರಟಿದ್ದೀರಾ? ಗೇಟಿನ ಮುಂದೆ ಸಿಗುವ 'ರೆಡಿ ಲೆಟರ್'ಗೆ ಸಹಿ ಹಾಕಬೇಡಿ

ನಿಮಗೋ ನಿಮ್ಮನೆ ಹುಡುಗರಿಗೋ ಪರೀಕ್ಷೆಯಲ್ಲಿ ಮಾಲ್‌ಪ್ರಾಕ್ಟೀಸ್ ಕೇಸ್ ಬಿದ್ದು, ವಿಶ್ವವಿದ್ಯಾಲಯದಿಂದ ವಿಚಾರಣೆಗೆ ಕರೆ ಬಂದಿದ್ದರೆ ಇದನ್ನು ಓದಿ ಆಮೇಲೆ ಬಸ್ ಹತ್ತಿ. ನಮ್ಮ ಚಿಕ್ಕಪ್ಪನ ಮಗನಿಗೆ ಆದದ್ದನ್ನು ಬರೆಯುತ್ತಿದ್ದೇನೆ. ಯಾವ ಯೂನಿವರ್ಸಿಟಿ, ಯಾವ ಕಾಲೇಜು ಅಂತ ಕೇಳಬೇಡಿ, ಹುಡುಗ ಇನ್ನೂ ಅಲ್ಲೇ ಓದಿ ಪಾಸಾಗಬೇಕು.

ಅವನದು ಮೆಕ್ಯಾನಿಕಲ್. ಮೆಷಿನ್ ಡಿಸೈನ್ ಪೇಪರಿಗೆ ಡೇಟಾ ಹ್ಯಾಂಡ್‌ಬುಕ್ (ಸೂತ್ರ, ಕೋಷ್ಟಕಗಳಿರುವ ಪುಸ್ತಕ) ಒಳಗೆ ಒಯ್ಯಲು ಅನುಮತಿ ಇದೆ. ಆ ಪುಸ್ತಕವನ್ನು ಹೊಸದಾಗಿ ಕೊಳ್ಳುವವರು ಕಡಿಮೆ. ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ಕೈ ಬದಲಾಗುತ್ತಾ ಬರುತ್ತದೆ. ಇವನ ಕೈಗೆ ಬಂದದ್ದರಲ್ಲಿ ಸ್ಪ್ರಿಂಗ್ ಲೆಕ್ಕದ ಪುಟದ ಅಂಚಿಗೆ ಯಾರೋ ಪೆನ್ಸಿಲಿನಲ್ಲಿ ನಾಲ್ಕು ಸಾಲು ಗೀಚಿದ್ದರು. ನಕಲು ಹಿಡಿಯುವ ಸ್ಕ್ವಾಡ್ ಬಂತು, ಪುಸ್ತಕ ತಿರುವಿತು, ಅಷ್ಟೇ.

ಇಲ್ಲಿಯವರೆಗೆ ಅವನ ಪರವಾಗಿ ಹೇಳಲು ಬೇಕಾದಷ್ಟಿತ್ತು. ಪುಸ್ತಕದ ಮೊದಲ ಪುಟದಲ್ಲಿ ಹಳೇ ಸೀನಿಯರ್‌ನ ಯುಎಸ್‌ಎನ್ (ವಿದ್ಯಾರ್ಥಿಯ ನೋಂದಣಿ ಸಂಖ್ಯೆ) ಬಾಲ್‌ಪೆನ್ನಿನಲ್ಲಿ ದಪ್ಪಗೆ ಬರೆದಿತ್ತು. ಅಂಚಿನ ಅಕ್ಷರ ಇವನದಲ್ಲ. ಸ್ಪ್ರಿಂಗ್ ಪ್ರಶ್ನೆಯನ್ನು ಇವನು ಮುಟ್ಟಿಯೇ ಇರಲಿಲ್ಲ, ಅದರ ಬದಲು ಗೇರ್ ಲೆಕ್ಕ ಮಾಡಿದ್ದ. ಪರೀಕ್ಷಾ ಹಾಲಿನಲ್ಲಿ ಹೇಳಿಕೆ ಬರೆಸಿಕೊಂಡಾಗಲೂ 'ಪುಸ್ತಕ ಸೀನಿಯರ್‌ದು, ಬರಹ ಇದ್ದದ್ದನ್ನು ನಾನು ನೋಡಿರಲಿಲ್ಲ' ಎಂದೇ ಬರೆದುಕೊಟ್ಟಿದ್ದ. ಹತ್ತೊಂಬತ್ತರ ಹುಡುಗ ಸ್ಕ್ವಾಡ್ ಎದುರು ಕೈ ನಡುಗುತ್ತಾ ಅಷ್ಟು ಸರಿಯಾಗಿ ಬರೆದದ್ದೇ ದೊಡ್ಡದು.

ಕೆಟ್ಟದ್ದು ವಿಚಾರಣೆಯ ದಿನ ಬೆಳಿಗ್ಗೆ. ಚಿಕ್ಕಪ್ಪ ಮಗನನ್ನು ಕರೆದುಕೊಂಡು ರಾತ್ರಿ ಬಸ್ಸಿನಲ್ಲಿ ಹೋಗಿ ಇಳಿದಿದ್ದಾರೆ. ಗೇಟಿನ ಎದುರು ಜೆರಾಕ್ಸ್ ಅಂಗಡಿ. ಕೈಯಲ್ಲಿ ಫೈಲು, ಮುಖದಲ್ಲಿ ಗಾಬರಿ ಇರುವ ಅಪ್ಪ ಮಗನನ್ನು ನೋಡಿದರೆ ಅಂಗಡಿಯವನಿಗೆ ಗೊತ್ತಾಗದೇ ಇರುತ್ತದೆಯೇ? 'ಮಾಲ್‌ಪ್ರಾಕ್ಟೀಸ್ ಕೇಸಾ ಯಜಮಾನ್ರೇ? ಲೆಟರ್ ರೆಡಿ ಇದೆ, ಹೆಸರು ನಂಬರು ಹೇಳಿ ಸಾಕು. ಒಪ್ಕೊಂಡು ಕ್ಷಮೆ ಕೇಳಿದ್ರೆ ಬಿಟ್ಬಿಡ್ತಾರೆ, ವಾದ ಮಾಡಿದ್ರೆ ಉರಿದುಬೀಳ್ತಾರೆ.' ಒಳಗಿನವರ ಪರಿಚಯ ಇದೆ ಅನ್ನುವ ಧಾಟಿ ಬೇರೆ. ಕಂಪ್ಯೂಟರಿನಲ್ಲಿದ್ದ ಹಳೇ ಪತ್ರದಲ್ಲಿ ಹೆಸರು, ಯುಎಸ್‌ಎನ್, ವಿಷಯ ಬದಲಾಯಿಸಿ ಪ್ರಿಂಟ್ ತೆಗೆದು ನೂರು ರೂಪಾಯಿ ತೆಗೆದುಕೊಂಡ. ಅದರ ಎರಡನೇ ಪ್ಯಾರಾ ಹೀಗಿತ್ತು: 'ನಾನು ಪರೀಕ್ಷಾ ಕೊಠಡಿಗೆ ಮೈಕ್ರೋ ಜೆರಾಕ್ಸ್ ಚೀಟಿಗಳನ್ನು ತಂದು, ಅವುಗಳಿಂದ ನಕಲು ಮಾಡಿರುವುದು ನಿಜವಿರುತ್ತದೆ.' ಕೆಳಗೆ ವಿದ್ಯಾರ್ಥಿಯ ಸಹಿ, ಪೋಷಕರ ಸಹಿ.

ಎಲ್ಲಿಯ ಚೀಟಿ, ಎಲ್ಲಿಯ ನಕಲು! ಆರೋಪದಲ್ಲಿ ಇಲ್ಲದ್ದನ್ನು ಇವರೇ ದುಡ್ಡು ಕೊಟ್ಟು ಬರೆಸಿ ಒಪ್ಪಿಕೊಂಡಂತಾಯಿತು. ಸಾಮಾನ್ಯವಾಗಿ ಬರಹ ಹತ್ತಿರ ಇಟ್ಟುಕೊಂಡದ್ದಕ್ಕೂ ಅದನ್ನು ನೋಡಿ ಬರೆದದ್ದಕ್ಕೂ ಶಿಕ್ಷೆ ಬೇರೆ ಬೇರೆ ಇರುತ್ತದೆ. ಇವರು ಸಣ್ಣದರಲ್ಲಿದ್ದವರು ತಾವಾಗಿಯೇ ದೊಡ್ಡದಕ್ಕೆ ಬಡ್ತಿ ಪಡೆದರು. ಚಿಕ್ಕಪ್ಪ ಪತ್ರ ಓದಲಿಲ್ಲವಾ ಅಂತ ಕೇಳುವವರಿದ್ದೀರಿ. ಮಗನ ಹೆಸರು ಕೂಗಿಬಿಡುತ್ತಾರೇನೋ ಅನ್ನುವ ಆತಂಕದಲ್ಲಿ ನಿಂತ ಅಪ್ಪ ಕನ್ನಡಕ ಹುಡುಕಿ ಓದುವುದಿಲ್ಲ. ಅಂಗಡಿಯವನ ವ್ಯಾಪಾರ ನಡೆಯುವುದೇ ಅದರ ಮೇಲೆ.

ಒಳಗೆ ಕಾರಿಡಾರ್ ತುಂಬಾ ಹುಡುಗರು. ನಂಬರ್ ಕೂಗುತ್ತಾರೆ, ಒಬ್ಬೊಬ್ಬರಿಗೆ ಎರಡೋ ಮೂರೋ ನಿಮಿಷ. ಮೇಜಿನಾಚೆ ಮೂವರು. ಇವನ ಫೈಲಿನ ಮೇಲೆ ಆಗಷ್ಟೇ ಕೊಟ್ಟ ಪತ್ರ.

'ಇದು ನಿನ್ನ ಸಹೀನಾ?'

'ಹೌದು ಸರ್, ಆದ್ರೆ ಆ ಪುಸ್ತಕ...'

'ಒಪ್ಕೊಂಡಿದ್ದೀಯಲ್ಲಪ್ಪ, ಇನ್ನೇನು? ನಡಿ.'

ಆದೇಶದಲ್ಲಿ ಆ ಸೆಮಿಸ್ಟರಿನ ಅಷ್ಟೂ ಪೇಪರ್ ರದ್ದು, ಮುಂದಿನ ಪರೀಕ್ಷೆಗೂ ಕೂರುವಂತಿಲ್ಲ. ಆಮೇಲೆ ಆರ್‌ಟಿಐ ಹಾಕಿ ಫೈಲಿನ ನಕಲು ತರಿಸಿದೆವು. ಹ್ಯಾಂಡ್‌ಬುಕ್ಕಿನಿಂದ ಆ ಒಂದು ಪುಟದ ಜೆರಾಕ್ಸ್ ಮಾತ್ರ ಅದರಲ್ಲಿತ್ತು. ಹಳೇ ಯುಎಸ್‌ಎನ್ ಇದ್ದ ಮೊದಲ ಪುಟ ಸಮಿತಿಯ ಕಣ್ಣಿಗೇ ಬಿದ್ದಿಲ್ಲ. ಹಾಲಿನಲ್ಲಿ ಕೊಟ್ಟ ಹೇಳಿಕೆ ಎಲ್ಲಕ್ಕಿಂತ ಕೆಳಗೆ ಇತ್ತು.

ಹಾಗಾಗಿ ಕರೆ ಬಂದ ತಕ್ಷಣ ಮಾಡಬೇಕಾದ ಕೆಲಸ ಇಷ್ಟು. ನಿಮ್ಮ ಮೇಲಿನ ಆರೋಪದ ವರದಿ, ನೀವು ಹಾಲಿನಲ್ಲಿ ಕೊಟ್ಟ ಹೇಳಿಕೆ, ವಶಪಡಿಸಿಕೊಂಡ ವಸ್ತು, ಉತ್ತರ ಪತ್ರಿಕೆ ಇಷ್ಟರ ಪ್ರತಿ ಕೊಡಿ, ಇಲ್ಲವೇ ನೋಡಲು ಬಿಡಿ ಎಂದು ಕುಲಸಚಿವರಿಗೆ (ಮೌಲ್ಯಮಾಪನ) ಅರ್ಜಿ ಬರೆದು, ಪತ್ರ ಸ್ವೀಕರಿಸುವ ಇನ್‌ವರ್ಡ್ ಸೆಕ್ಷನ್ನಿನಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಕೊಡದಿದ್ದರೂ ಕೇಳಿದ್ದಕ್ಕೆ ದಾಖಲೆ ಉಳಿಯುತ್ತದೆ, ಮುಂದೆ ಕೋರ್ಟಿನಲ್ಲಿ ಅದಕ್ಕೇ ಬೆಲೆ. ಆರ್‌ಟಿಐ ನಂಬಿ ಕೂರಬೇಡಿ. 10 ರೂಪಾಯಿಯ ಕೆಲಸವೇನೋ ಹೌದು, ಪರೀಕ್ಷೆ ಬರೆದವರು ತಮ್ಮ ಉತ್ತರ ಪತ್ರಿಕೆ ನೋಡಬಹುದು ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದ್ದೂ ಹೌದು. ಆದರೆ ಉತ್ತರಕ್ಕೆ ಅವರಿಗೆ 30 ದಿನ ಅವಕಾಶವಿದೆ, ಅಷ್ಟರಲ್ಲಿ ವಿಚಾರಣೆ ಮುಗಿದು ಆದೇಶವೂ ಬಂದಿರುತ್ತದೆ.

ವಿವರಣೆಯನ್ನು ಮನೆಯಲ್ಲೇ, ನಿಮ್ಮದೇ ಮಾತಿನಲ್ಲಿ ಬರೆಯಿರಿ. ಒಂದು ಪುಟ ಸಾಕು. ಏನು ಸಿಕ್ಕಿತು, ಅದು ಯಾರದ್ದು, ಬರೆದ ಉತ್ತರಕ್ಕೂ ಅದಕ್ಕೂ ಸಂಬಂಧ ಇದೆಯೋ ಇಲ್ಲವೋ. ನಿಜವಾಗಿ ತಪ್ಪು ಮಾಡಿದ್ದರೆ ಮಾಡಿದಷ್ಟನ್ನೇ ಒಪ್ಪಿಕೊಳ್ಳಿ, ಒಂದು ಅಕ್ಷರ ಹೆಚ್ಚಿಲ್ಲ. ಕೈಬರಹದ ತಕರಾರಿದ್ದರೆ ನೀವು ಇಂಟರ್ನಲ್ ಟೆಸ್ಟ್ ಬರೆದ ಬ್ಲೂಬುಕ್ (ಉತ್ತರ ಪುಸ್ತಿಕೆ) ಒಯ್ಯಿರಿ. ಎರಡು ನಿಮಿಷದಲ್ಲಿ ಬಾಯಿಮಾತು ಯಾರಿಗೂ ನೆನಪಿರುವುದಿಲ್ಲ, ಕೊಟ್ಟ ಹಾಳೆ ಫೈಲಿನಲ್ಲಿ ಉಳಿಯುತ್ತದೆ.

'ಇದು ನಮ್ಮ ಒಳಗಿನ ವಿಷಯ, ಕೋರ್ಟು ಗೀರ್ಟು ನಡೆಯಲ್ಲ' ಅಂತ ಹೆದರಿಸುವವರೂ ಸಿಗುತ್ತಾರೆ. ಉತ್ತರ ಪ್ರದೇಶದ ಬೋರ್ಡ್ ಒಂದು ವಿದ್ಯಾರ್ಥಿಗಳ ಮಾತು ಕೇಳದೆ ಫಲಿತಾಂಶ ರದ್ದು ಮಾಡಿದಾಗ, ಹಾಗೆ ಮಾಡುವಂತಿಲ್ಲ, ಹೇಳಿಕೊಳ್ಳಲು ಅವಕಾಶ ಕೊಡಲೇಬೇಕು ಎಂದು ಸುಪ್ರೀಂ ಕೋರ್ಟ್ 1962ರಲ್ಲೇ ತೀರ್ಪು ಕೊಟ್ಟಿದೆ. ಬೆಂಗಳೂರು, ಧಾರವಾಡ, ಕಲಬುರಗಿ, ಮೂರೂ ಕಡೆ ಹೈಕೋರ್ಟ್ ಪೀಠ ಇದೆ, ರಿಟ್ ಹಾಕಬಹುದು. ಆದರೆ ಕೋರ್ಟು ಮುಖ್ಯವಾಗಿ ನೋಡುವುದು ವಿಚಾರಣೆ ನ್ಯಾಯವಾಗಿ ನಡೆಯಿತೇ ಅಂತ. ಸಾಕ್ಷ್ಯವನ್ನು ಮತ್ತೆ ಮೊದಲಿಂದ ತೂಗಲು ಅದು ಸುಲಭಕ್ಕೆ ಒಪ್ಪುವುದಿಲ್ಲ. ನಾವು ಧಾರವಾಡದಲ್ಲಿ ವಕೀಲರ ಮುಂದೆ ಫೈಲು ಇಟ್ಟಾಗ ಅವರು ಪುಟ ತಿರುವುತ್ತಾ ಬಂದು ಆ ನೂರು ರೂಪಾಯಿ ಪತ್ರದ ಹತ್ತಿರ ನಿಂತರು. 'ಇದಕ್ಕ ಅಪ್ಪನೂ ಸಹಿ ಮಾಡ್ಯಾರಲ್ರೀ, ನಾ ಏನಂತ ವಾದ ಮಾಡ್ಲಿ?'

ಅಂಗಡಿ ಈಗಲೂ ಅಲ್ಲೇ ಇದೆ. ಹಾಲ್‌ಟಿಕೆಟ್ ಜೆರಾಕ್ಸ್ ಬೇಕಿದ್ದರೆ ಮಾಡಿಸಿಕೊಳ್ಳಿ, ಅದನ್ನು ಚೆನ್ನಾಗಿಯೇ ಮಾಡಿಕೊಡುತ್ತಾನೆ.